ಗ್ರಹಣದ ಅಪವಾದ, ಮೀನಿನ ಸಾಕ್ಷಿ

2025ರ ಎಪ್ರಿಲ್ ತಿಂಗಳು. ರಮಝಾನ್ ರಜೆ ಮುಗಿದು ಮದ್ರಸ ಮತ್ತೆ ತೆರೆದಿತ್ತು. ಹೊಸ ಮಕ್ಕಳನ್ನು ಸೇರಿಸಲು ತಾಯಂದಿರು ಒಬ್ಬೊಬ್ಬರಾಗಿ ಬರುತ್ತಿದ್ದರು. ಸುಮಾರು ಐದು ವರ್ಷದ ಬಾಲಕಿಯೊಬ್ಬಳು ತಾಯಿಯ ಬುರ್ಖಾದ ಮರೆಯಲ್ಲಿ ಅರ್ಧ ಮುಖ ಮುಚ್ಚಿಕೊಂಡು ನಿಂತಿದ್ದಳು. ಹೆಸರು ಕೇಳಿದೆ. ಸ್ಪಷ್ಟವಾಗಿ ಹೇಳಿದಳು. ಮೇಲ್ದುಟಿಯಲ್ಲಿ ಹೊಲಿಗೆಯ ತೆಳುವಾದ ಗೆರೆಯೊಂದಿತ್ತು. ನಾನು ಅದರ ಬಗ್ಗೆ ಏನೂ ಕೇಳಲಿಲ್ಲ. ತಾಯಿಯೇ ಮಾತು ತೆಗೆದಳು.

"ಹುಟ್ಟುವಾಗ ತುಟಿ ಸೀಳಿತ್ತು ಟೀಚರ್. ಆಪರೇಶನ್ ಆಗಿದೆ. ತಪ್ಪು ನನ್ನದೇ."

"ನಿನ್ನ ತಪ್ಪು ಹೇಗಮ್ಮಾ?"

"ಆವತ್ತು ಸೂರ್ಯಗ್ರಹಣ. ನನಗೆ ಐದು ತಿಂಗಳು ನಡೆಯುತ್ತಿತ್ತು. ಹೊರಗೆ ಬರಬೇಡ, ಕತ್ತಿ ಮುಟ್ಟಬೇಡ ಅಂತ ಅತ್ತೆ ಮೊದಲೇ ಹೇಳಿದ್ದರು. ಮನೆಯವರು ಬೂತಾಯಿ ತಂದಿಟ್ಟು ಹೋಗಿದ್ದರು. ಹಾಳಾಗುತ್ತದಲ್ಲ ಎಂದು ಮೆಟ್ಟುಕತ್ತಿಯಲ್ಲಿ ಕುಳಿತು ಕೊಯ್ದುಬಿಟ್ಟೆ. ನಾನು ಮೀನು ಕೊಯ್ದದ್ದು, ಮಗುವಿನ ತುಟಿ ಸೀಳಿದ್ದು."

ಐದು ವರ್ಷಗಳಿಂದ ಆಕೆ ಈ ಮಾತನ್ನು ಹೊತ್ತು ತಿರುಗುತ್ತಿದ್ದಾಳೆ. ಮದುವೆ ಮನೆಗೆ ಹೋದರೆ ಯಾರಾದರೊಬ್ಬರು ಮಗುವಿನ ಗಲ್ಲ ಹಿಡಿದು ಎತ್ತಿ ನೋಡಿ, "ಗ್ರಹಣದ್ದಾ?" ಎಂದು ಕೇಳುತ್ತಾರಂತೆ. ಈಗ ಆಕೆಗೆ ಮತ್ತೆ ಎರಡು ತಿಂಗಳು. ಸಂತೋಷ ಪಡಬೇಕಾದ ಹೊತ್ತಿನಲ್ಲಿ ಕ್ಯಾಲೆಂಡರ್ ತೆಗೆದು ಮುಂದಿನ ಗ್ರಹಣ ಯಾವಾಗ ಎಂದು ನೋಡಿಟ್ಟುಕೊಂಡಿದ್ದಳು!

ಇಂತಹ ಮಾತು ನಮ್ಮ ಎಷ್ಟು ಮನೆಗಳಲ್ಲಿ ಇಂದಿಗೂ ನಡೆಯುತ್ತಿದೆ! ಮಗುವಿನಲ್ಲಿ ಏನೇ ಕೊರತೆ ಕಂಡರೂ ಮೊದಲ ಬೆರಳು ತಾಯಿಯತ್ತ ತಿರುಗುತ್ತದೆ. ಅವಳು ಏನು ತಿಂದಳು, ಏನು ನೋಡಿದಳು, ಎಲ್ಲಿ ಮೆಟ್ಟಿದಳು? ಆ ದಿನ ಆ ತಾಯಿಗೆ ಹೇಳಿದ್ದನ್ನೂ, ಆ ಬಳಿಕ ಓದಿ ತಿಳಿದುಕೊಂಡದ್ದನ್ನೂ ಸಹೋದರಿಯರ ಮುಂದಿಡಬೇಕೆನಿಸಿತು. ವಿಚಿತ್ರವೆಂದರೆ, ಆ ತಾಯಿಯ ಪರವಾಗಿ ಸಾಕ್ಷಿ ಹೇಳಲು ಬಂದಿರುವುದೂ ಒಂದು ಮೀನೇ!

ಮುಖ ಕೂಡುವ ವಾರಗಳು

ಮೊದಲು ಸರಳವಾದ ಒಂದು ಲೆಕ್ಕ. ನಮ್ಮ ಕರಾವಳಿಯಲ್ಲಿ ಕಂಕಣ ಸೂರ್ಯಗ್ರಹಣ ಕಂಡದ್ದು 2019ರ ಡಿಸೆಂಬರ್ 26ರ ಬೆಳಿಗ್ಗೆ. ಆಗ ಆಕೆಗೆ ಐದನೆಯ ತಿಂಗಳು. ಆದರೆ ಮಗುವಿನ ತುಟಿ ತಯಾರಾಗುವುದು ಯಾವಾಗ?

ಭ್ರೂಣದಲ್ಲಿ ಮುಖವೆಂಬುದು ಒಂದೇ ತುಂಡಾಗಿ ಹುಟ್ಟುವುದಿಲ್ಲ. ನಡುವಿನಿಂದ ಒಂದು ಭಾಗ, ಎರಡೂ ಬದಿಗಳಿಂದ ಒಂದೊಂದು ಭಾಗ ಬೆಳೆದು ಬಂದು ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ನಮ್ಮೆಲ್ಲರ ಮೂಗಿನ ಕೆಳಗೆ ಮೇಲ್ದುಟಿಯ ಮಧ್ಯದಲ್ಲಿ ಒಂದು ಸಣ್ಣ ತಗ್ಗು ಇದೆಯಲ್ಲವೇ? ಅದರ ಎರಡೂ ಅಂಚುಗಳ ಏರು ಆ ಬೆಸುಗೆಯ ಗುರುತು. ಗರ್ಭ ನಿಂತ ನಾಲ್ಕನೆಯ ವಾರದಿಂದ ಏಳನೆಯ ವಾರದೊಳಗೆ ಮೇಲ್ದುಟಿ ಕೂಡಿಕೊಳ್ಳುತ್ತದೆ. ಆರರಿಂದ ಒಂಬತ್ತನೆಯ ವಾರದೊಳಗೆ ಬಾಯಿಯ ಮೇಲಂಗುಳ ಕೂಡಿಕೊಳ್ಳುತ್ತದೆ. ಆ ಬೆಸುಗೆ ಪೂರ್ತಿಯಾಗದೆ ಉಳಿದರೆ ಸೀಳು ತುಟಿ, ಸೀಳು ಅಂಗುಳ. ಸೀಳು ಎಂಬ ಹೆಸರೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕೂಡಿದ್ದ ತುಟಿಯನ್ನು ಯಾವುದೋ ಕತ್ತಿ ಬಂದು ಸೀಳಿದ್ದಲ್ಲ, ಕೂಡಬೇಕಾದದ್ದು ಕೂಡದೆ ಉಳಿದದ್ದು.

ಅಂದರೆ ಸೂರ್ಯನಿಗೆ ಗ್ರಹಣ ಹಿಡಿಯುವುದಕ್ಕೆ ಸುಮಾರು ಎರಡು ತಿಂಗಳ ಮೊದಲೇ ಆ ಮಗುವಿನ ತುಟಿಯ ಕೆಲಸ ಮುಗಿದಿತ್ತು. ಕತ್ತಿ ಹಿಡಿದ ದಿನ ಸೀಳಲು ಅಲ್ಲೇನೂ ಬಾಕಿ ಇರಲಿಲ್ಲ. ಬೆರಳು ಮಡಚಿ ಈ ಲೆಕ್ಕ ಹೇಳಿದಾಗ ಆಕೆ ನನ್ನ ಮುಖವನ್ನೇ ನೋಡುತ್ತಾ ಕುಳಿತಳು. "ಹಾಗಾದರೆ ಯಾಕೆ ಹೀಗಾಯಿತು ಟೀಚರ್?" ಎಂದು ಕೇಳಿದಳು. ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಬಿ.ಎ. ಓದಿದ ನನಗೆ ವಿಜ್ಞಾನ ಹೈಸ್ಕೂಲಿನಲ್ಲೇ ಮುಗಿದಿತ್ತು. ಆ ಪ್ರಶ್ನೆಯೇ ನನ್ನನ್ನು ಓದಿಗೆ ಹಚ್ಚಿತು.

ಗಾಜಿನಂತಹ ಮೊಟ್ಟೆ

ಪವಿತ್ರ ಕುರ್‌ಆನಿನ ಅಝ್ಝುಮರ್ ಅಧ್ಯಾಯವು ತಾಯಂದಿರ ಉದರದಲ್ಲಿ ಮೂರು ಕತ್ತಲೆಗಳೊಳಗೆ ಹಂತ ಹಂತವಾಗಿ ನಡೆಯುವ ಸೃಷ್ಟಿಯ ಬಗ್ಗೆ ಹೇಳುತ್ತದೆ. ಕುರ್‌ಆನ್ ವಿಜ್ಞಾನದ ಪಠ್ಯಪುಸ್ತಕವಲ್ಲ, ಮಾರ್ಗದರ್ಶನದ ಗ್ರಂಥ. ಆದರೆ ಆ ಕತ್ತಲೆ ಎಷ್ಟು ಗಾಢವಾದದ್ದೆಂದು ವಿಜ್ಞಾನಿಗಳಿಗೆ ಚೆನ್ನಾಗಿ ಗೊತ್ತು. ನಾಲ್ಕು, ಐದನೆಯ ವಾರದ ಮಾನವ ಭ್ರೂಣ ಅಕ್ಕಿಕಾಳಿನ ಆಸುಪಾಸಿನ ಗಾತ್ರದ್ದು. ತಾನು ಗರ್ಭಿಣಿ ಎಂದು ಎಷ್ಟೋ ತಾಯಂದಿರಿಗೆ ಆಗ ಇನ್ನೂ ತಿಳಿದಿರುವುದಿಲ್ಲ. ಅಲ್ಲಿ ಏನು ನಡೆಯುತ್ತಿದೆ ಎಂದು ಇಣುಕಿ ನೋಡುವುದು ಹೇಗೆ?

ಇಲ್ಲಿ ಸಹಾಯಕ್ಕೆ ಬಂದದ್ದು ಝೀಬ್ರಾ ಮೀನು. ಅಕ್ವೇರಿಯಂ ಅಂಗಡಿಗಳಲ್ಲಿ ಗಾಜಿನ ತೊಟ್ಟಿಯೊಳಗೆ ಗುಂಪಾಗಿ ಓಡಾಡುವ, ಮೈಯುದ್ದಕ್ಕೂ ನೀಲಿ ಪಟ್ಟೆಗಳಿರುವ ಮೂರು, ನಾಲ್ಕು ಸೆಂಟಿಮೀಟರಿನ ಪುಟ್ಟ ಮೀನು. ನಿಮ್ಮ ಮಕ್ಕಳೂ ನೋಡಿರಬಹುದು. ಇದು ಪರದೇಶದ್ದಲ್ಲ, ನಮ್ಮ ಉಪಖಂಡದ್ದೇ. ಭಾರತ, ಬಾಂಗ್ಲಾದೇಶ, ನೇಪಾಳಗಳ ತೊರೆಗಳಲ್ಲೂ ಗದ್ದೆಯ ನೀರಿನಲ್ಲೂ ಬದುಕುತ್ತದೆ. ಇದನ್ನು ಮೊದಲು ಗ್ರಂಥದಲ್ಲಿ ದಾಖಲಿಸಿದವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗಾ ನದಿಯ ಮೀನುಗಳ ಕುರಿತ 1822ರ ಕೃತಿಯಲ್ಲಿ. ಇವರ ಮೊದಲಿನ ಹೆಸರು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸುಲ್ತಾನರು ಹುತಾತ್ಮರಾದ ಮರುವರ್ಷ, 1800-01ರಲ್ಲಿ ಕಂಪೆನಿ ಸರಕಾರದ ಆದೇಶದಂತೆ ಮೈಸೂರು, ಕೆನರಾ, ಮಲಬಾರ್‌ಗಳಲ್ಲಿ ಸಂಚರಿಸಿ ವರದಿ ಬರೆದ ಬುಕಾನನ್ ಇವರೇ!

ಈ ಮೀನಿನ ವಿಶೇಷ ಅದರ ಮೊಟ್ಟೆಯಲ್ಲಿದೆ. ಬೆಳಗಿನ ಬೆಳಕು ಬಿದ್ದೊಡನೆ ಹೆಣ್ಣು ಮೀನು ನೂರಾರು ಮೊಟ್ಟೆಗಳನ್ನು ನೀರಿನಲ್ಲಿ ಬಿಡುತ್ತದೆ. ಭ್ರೂಣ ಬೆಳೆಯುವುದು ತಾಯಿಯ ಹೊಟ್ಟೆಯ ಹೊರಗೆ. ಸಾಸಿವೆಗಿಂತಲೂ ಚಿಕ್ಕದಾದ ಆ ಮೊಟ್ಟೆ ಗಾಜಿನಂತೆ ಪಾರದರ್ಶಕ. ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಳಗಿನದ್ದೆಲ್ಲ ಕಾಣುತ್ತದೆ. ಮೂರು ಕತ್ತಲೆಗಳ ಬದಲು ಇಲ್ಲಿ ಹಗಲಿನ ಬೆಳಕು.

ಸುಮಾರು 28 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಒಂದು ಕೋಶ ಎರಡಾಗುತ್ತದೆ. ಆಮೇಲೆ ಸುಮಾರು ಕಾಲು ಗಂಟೆಗೊಮ್ಮೆ ಇಮ್ಮಡಿ: ನಾಲ್ಕು, ಎಂಟು, ಹದಿನಾರು. ಮೂರು ಗಂಟೆಯ ಹೊತ್ತಿಗೆ ಸುಮಾರು ಸಾವಿರ ಕೋಶಗಳು. ಹತ್ತು ಗಂಟೆಗೆ ತಲೆ ಯಾವುದು, ಬಾಲ ಯಾವುದು ಎಂದು ಗುರುತಿಸಬಹುದು. ಒಂದು ದಿನ ತುಂಬುವಾಗ ಹೃದಯ ಬಡಿಯುತ್ತಿರುತ್ತದೆ. ಫಜ್ರ್ ನಮಾಝಿನ ಹೊತ್ತಿಗೆ ಒಂದು ಚುಕ್ಕೆಯಾಗಿದ್ದದ್ದು ಮರುದಿನದ ಫಜ್ರ್‌ಗೆ ಮಿಡಿಯುವ ಹೃದಯವುಳ್ಳ ಜೀವ! ಎರಡು, ಮೂರು ದಿನಗಳಲ್ಲಿ ಮರಿ ಹೊರಬರುತ್ತದೆ. ಸುಬ್‌ಹಾನಲ್ಲಾಹ್ ಎನ್ನದಿರಲು ಸಾಧ್ಯವೇ?

ಅಂಗಡಿಯಿಂದ ಪ್ರಯೋಗಾಲಯಕ್ಕೆ

ಈ ಪುಟ್ಟ ಮೀನನ್ನು ವಂಶವಾಹಿ ಸಂಶೋಧನೆಯ ಮಧ್ಯಕ್ಕೆ ತಂದವರು ಜಾರ್ಜ್ ಸ್ಟ್ರೈಸಿಂಗರ್. 1927ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಯಹೂದಿ ಬಾಲಕ. ನಾಝಿಗಳ ಕಾಟಕ್ಕೆ ಹೆದರಿ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಮುಂದೆ ಆರೆಗಾನ್ ವಿಶ್ವವಿದ್ಯಾನಿಲಯದಲ್ಲಿ ಅವರು ಹಲವು ವರ್ಷ ಈ ಮೀನಿನ ಬೆನ್ನು ಹತ್ತಿದರು. 1981ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಹೊಸ ದಾರಿಯನ್ನು ತೆರೆಯಿತು. 1984ರಲ್ಲಿ ಅವರು ತೀರಿಕೊಂಡರು.

ಆ ದಾರಿಯಲ್ಲಿ ಬಹಳ ದೂರ ನಡೆದವರು ಒಬ್ಬ ಮಹಿಳೆ, ಜರ್ಮನಿಯ ಟ್ಯೂಬಿಂಗನ್ ನಗರದ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್ಹಾರ್ಡ್. ಹಣ್ಣಿನ ನೊಣದ ಭ್ರೂಣದ ಮೇಲಿನ ಸಂಶೋಧನೆಗಾಗಿ 1995ರಲ್ಲಿ ಇಬ್ಬರು ಸಹವಿಜ್ಞಾನಿಗಳೊಂದಿಗೆ ನೊಬೆಲ್ ಪಡೆದವರು. ಅವರ ತಂಡವೂ ಅಮೆರಿಕದ ಬಾಸ್ಟನ್ನಿನ ಇನ್ನೊಂದು ತಂಡವೂ ಸಾವಿರಾರು ಮೀನು ಕುಟುಂಬಗಳನ್ನು ಸಾಕಿ, ಯಾವ ವಂಶವಾಹಿ ಕೆಟ್ಟರೆ ಮರಿಯ ಯಾವ ಅಂಗ ಕೆಡುತ್ತದೆ ಎಂದು ಒಂದೊಂದಾಗಿ ಪಟ್ಟಿ ಮಾಡಿದವು. ಅದರ ಫಲಿತಾಂಶವನ್ನು 1996ರ ಡಿಸೆಂಬರಿನಲ್ಲಿ ಒಂದು ವಿಜ್ಞಾನ ಪತ್ರಿಕೆ ಇಡೀ ಸಂಚಿಕೆಯನ್ನೇ ಮೀಸಲಿಟ್ಟು ಪ್ರಕಟಿಸಿತು. ಅವರ ಇನ್ನೊಂದು ಕೆಲಸ ನನ್ನ ಮನಸ್ಸನ್ನು ಮುಟ್ಟಿತು. ಮಕ್ಕಳಿರುವ ತರುಣ ವಿಜ್ಞಾನಿಯರು ಮನೆಗೆಲಸದ ಹೊರೆಯಿಂದ ಸಂಶೋಧನೆ ಬಿಟ್ಟುಬಿಡಬಾರದೆಂದು, ಮನೆಗೆಲಸ ಮತ್ತು ಮಗುವಿನ ಆರೈಕೆಯ ಖರ್ಚಿಗೆ ನೆರವಾಗುವ ಪ್ರತಿಷ್ಠಾನವೊಂದನ್ನು ಅವರು 2004ರಲ್ಲಿ ಸ್ಥಾಪಿಸಿದರು.

2013ರಲ್ಲಿ ಝೀಬ್ರಾ ಮೀನಿನ ಪೂರ್ಣ ವಂಶವಾಹಿ ನಕ್ಷೆ ಪ್ರಕಟವಾಯಿತು. ಮನುಷ್ಯನ ವಂಶವಾಹಿಗಳಲ್ಲಿ ಶೇಕಡಾ 70ರಷ್ಟಕ್ಕೆ ಈ ಮೀನಿನಲ್ಲಿ ಜೋಡಿ ಸಿಕ್ಕಿತು! ಇಂದು ಹೈದರಾಬಾದ್, ದಿಲ್ಲಿ, ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲೂ ಈ ಮೀನಿನ ಮೇಲೆ ಸಂಶೋಧನೆ ನಡೆಯುತ್ತಿದೆ.

ಬಲ್ಬು ಸರಿ, ಸ್ವಿಚ್ ತಪ್ಪು

ವಂಶವಾಹಿ, ಅಂದರೆ ಜೀನ್. ಒಂದೇ ಕೋಶದಿಂದ ಕಣ್ಣು, ಮೂಳೆ, ತುಟಿ ಎಲ್ಲವೂ ಆಗುತ್ತವೆ. ಕಣ್ಣಿನ ಕೋಶದಲ್ಲಿರುವ ಜೀನುಗಳೇ ತುಟಿಯ ಕೋಶದಲ್ಲೂ ಇವೆ. ಹಾಗಿದ್ದರೆ ಕಣ್ಣು ಕಣ್ಣಾಗುವುದು, ತುಟಿ ತುಟಿಯಾಗುವುದು ಹೇಗೆ?

ನಿಮ್ಮ ಮನೆಯನ್ನೇ ನೋಡಿ. ಎಲ್ಲ ಕೋಣೆಗಳಿಗೂ ಬರುವ ಕರೆಂಟು ಒಂದೇ. ಆದರೆ ರಾತ್ರಿ ಅಡುಗೆಮನೆಯ ದೀಪ ಉರಿಯುವಾಗ ಮಲಗುವ ಕೋಣೆಯದ್ದು ಆರಿರುತ್ತದೆ. ಎಲ್ಲಿ ಯಾವಾಗ ಯಾವುದು ಉರಿಯಬೇಕೆಂದು ತೀರ್ಮಾನಿಸುವುದು ಸ್ವಿಚ್. ಜೀನುಗಳಿಗೂ ಅಂತಹ ಸ್ವಿಚ್‌ಗಳಿವೆ. ಡಿಎನ್‌ಎ ಎಂಬ ಉದ್ದನೆಯ ಬರಹದಲ್ಲಿ ಜೀನಿನಿಂದ ಎಷ್ಟೋ ದೂರದಲ್ಲಿ ಅವು ಕುಳಿತಿರುತ್ತವೆ. ಇಂತಹ ಜೀನು ಇಂತಹ ಕೋಶದಲ್ಲಿ ಇಂತಹ ಹೊತ್ತಿಗೆ ಕೆಲಸ ಆರಂಭಿಸಲಿ, ಇಷ್ಟಕ್ಕೆ ನಿಲ್ಲಿಸಲಿ ಎಂಬ ಅಪ್ಪಣೆ ಅವುಗಳದ್ದು.

ಝೀಬ್ರಾ ಮೀನಿನ ಭ್ರೂಣದಲ್ಲಿ ಇದು ಎಷ್ಟು ಚೆಂದ ಕಾಣುತ್ತದೆ ಗೊತ್ತೇ? ಮೊದಲ ಮೂರು ಗಂಟೆಗಳ ಕಾಲ ಅದರ ಸ್ವಂತ ಜೀನುಗಳು ಬಹುಮಟ್ಟಿಗೆ ನಿದ್ದೆಯಲ್ಲಿರುತ್ತವೆ. ತಾಯಿ ಮೀನು ಮೊಟ್ಟೆಯೊಳಗೆ ಮೊದಲೇ ತುಂಬಿಟ್ಟ ಸಂದೇಶಗಳ ಬಲದಲ್ಲೇ ಭ್ರೂಣ ಬೆಳೆಯುತ್ತದೆ. ಪ್ರಯಾಣ ಹೊರಟ ಮಗುವಿಗೆ ತಾಯಿ ಕಟ್ಟಿಕೊಟ್ಟ ಬುತ್ತಿಯಂತೆ! ಬುತ್ತಿ ಮುಗಿಯುತ್ತಾ ಬಂದಂತೆ ಭ್ರೂಣದ ಸ್ವಂತ ಸ್ವಿಚ್‌ಗಳು ಸಾಲಾಗಿ ಬೀಳತೊಡಗುತ್ತವೆ.

ಯಾವ ಸ್ವಿಚ್ ಎಲ್ಲಿ ಬೀಳುತ್ತದೆಂದು ನೋಡಲು ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ಜೆಲ್ಲಿ ಫಿಶ್ ಎಂಬ ಲೋಳೆಮೀನಿನಲ್ಲಿ ಹಸಿರಾಗಿ ಹೊಳೆಯುವ ಒಂದು ಪ್ರೋಟೀನ್ ಇದೆ. ಮನುಷ್ಯನ ಡಿಎನ್‌ಎಯಿಂದ ಒಂದು ಸ್ವಿಚ್ಚನ್ನು ತೆಗೆದು, ಆ ಹಸಿರು ಹೊಳಪಿನ ಜೀನಿಗೆ ಜೋಡಿಸಿ ಝೀಬ್ರಾ ಮೀನಿನ ಮೊಟ್ಟೆಗೆ ಚುಚ್ಚುತ್ತಾರೆ. ಮರುದಿನ ಮರಿಯ ಯಾವ ಭಾಗ ಹಸಿರಾಗಿ ಹೊಳೆಯುತ್ತದೋ ಆ ಸ್ವಿಚ್ ಅಲ್ಲಿಯದ್ದು!

ತುಟಿಯ ಜೀನು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಐಆರ್‌ಎಫ್6 ಎಂಬ ಒಂದು ಜೀನ್ ಇದೆ. ಭ್ರೂಣದ ಹೊರಮೈಯ ತೆಳುವಾದ ಹೊದಿಕೆ ಸರಿಯಾಗಿ ಆಗಲು ಅದು ಬೇಕು. ಮುಖದ ಭಾಗಗಳು ಸಿಕ್ಕಸಿಕ್ಕಲ್ಲಿ ಅಂಟಿಕೊಳ್ಳದೆ, ಅಂಟಬೇಕಾದಲ್ಲೇ ಅಂಟಲು ಆ ಹೊದಿಕೆ ಸರಿಯಾಗಿರಬೇಕು. ತುಟಿ, ಅಂಗುಳಗಳ ಸೀಳು ತಲೆಮಾರಿನಿಂದ ತಲೆಮಾರಿಗೆ ಬರುವ ಒಂದು ಬಗೆಯ ತೊಂದರೆಗೆ ಈ ಜೀನಿನ ದೋಷವೇ ಕಾರಣವೆಂದು 2002ರಲ್ಲಿ ತಿಳಿಯಿತು. ಇದು ತಾಯಿಯಿಂದ ಬರುವಷ್ಟೇ ತಂದೆಯಿಂದಲೂ ಬರಬಹುದು. ಕೆಲವರಲ್ಲಿ ಕೆಳತುಟಿಯಲ್ಲಿ ಎರಡು ಸಣ್ಣ ಗುಳಿಗಳಷ್ಟೇ ಕಾಣಿಸುತ್ತವೆ, ಸೀಳು ಇರುವುದೇ ಇಲ್ಲ.

2008ರಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಐಆರ್‌ಎಫ್6 ಜೀನ್ ಸರಿಯಾಗಿಯೇ ಇದೆ, ಆದರೆ ಅದರಿಂದ ಸುಮಾರು ಹತ್ತು ಸಾವಿರ ಅಕ್ಷರಗಳಷ್ಟು ದೂರದಲ್ಲಿರುವ ಸ್ವಿಚ್‌ನಲ್ಲಿ ಒಂದೇ ಒಂದು ಅಕ್ಷರ ಬೇರೆಯಾಗಿದೆ. ಅಷ್ಟಕ್ಕೇ ಸೀಳು ತುಟಿಯ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಬಲ್ಬು ಸರಿಯಿದೆ, ಸ್ವಿಚ್ ಸಡಿಲ! ಈ ವ್ಯತ್ಯಾಸ ಆರೋಗ್ಯವಂತರಾದ ಎಷ್ಟೋ ಜನರಲ್ಲೂ ಇದೆ. ಆದ್ದರಿಂದ ಇದೊಂದೇ ಕಾರಣವೆಂದು ಹೇಳುವಂತಿಲ್ಲ. ಇಂತಹ ಹಲವು ಸಣ್ಣ ಸಣ್ಣ ವ್ಯತ್ಯಾಸಗಳು ಒಂದೇ ಭ್ರೂಣದಲ್ಲಿ ಕೂಡಿ ಬಂದಾಗ ಬೆಸುಗೆ ತಪ್ಪುತ್ತದೆ.

ಇಲ್ಲಿ ಮೀನಿನ ಸಾಕ್ಷಿ ಬರುತ್ತದೆ. ಮೀನಿಗೆ ನಮ್ಮಂತಹ ತುಟಿಯಿಲ್ಲ, ನಿಜ. ಆದರೆ ಅದರ ಭ್ರೂಣಕ್ಕೂ ಹೊರಮೈಯ ಆ ತೆಳು ಹೊದಿಕೆಯಿದೆ, ಅದಕ್ಕೂ ಇದೇ ಜೀನು ಬೇಕು. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ಈ ಜೀನನ್ನು ತೆಗೆದುಹಾಕಿದ ಮೀನುಗಳನ್ನು ಸಾಕಿದರು. ಅವುಗಳ ಮೊಟ್ಟೆಯ ಬುತ್ತಿಯಲ್ಲಿ ಈ ಒಂದು ಸಂದೇಶ ಇರುವುದಿಲ್ಲ. ನಾಲ್ಕೈದು ಗಂಟೆಯೊಳಗೆ ಭ್ರೂಣದ ಹೊದಿಕೆ ತಡೆಯಲಾರದೆ ಒಡೆದುಹೋಗುತ್ತದೆ. ಆದರೆ ಆರಂಭದಲ್ಲೇ ಮನುಷ್ಯನ ಐಆರ್‌ಎಫ್6 ಸಂದೇಶವನ್ನು ಚುಚ್ಚಿಕೊಟ್ಟರೆ ಭ್ರೂಣ ಉಳಿಯುತ್ತದೆ! ಸೀಳು ತುಟಿ ಇರುವವರಲ್ಲಿ ಕಂಡ ಬೇರೆ ಬೇರೆ ಬದಲಾವಣೆಗಳನ್ನು ಹೀಗೆ ಒಂದೊಂದಾಗಿ ಪರೀಕ್ಷಿಸಿದರು. ಭ್ರೂಣ ಉಳಿದರೆ ಆ ಬದಲಾವಣೆ ನಿರಪಾಯ. ಒಡೆದರೆ ಅದು ದೋಷ. 2020ರಲ್ಲಿ ಅಮೆರಿಕದ ಇನ್ನೊಂದು ತಂಡ ಝೀಬ್ರಾ ಮೀನಿನ ಅದೇ ಹೊದಿಕೆಯ ಸ್ವಿಚ್‌ಗಳನ್ನು ಹುಡುಕಿ, ಅವುಗಳ ಲಕ್ಷಣದ ಆಧಾರದಲ್ಲಿ ಮನುಷ್ಯನಲ್ಲಿ ಸೀಳಿಗೆ ಸಂಬಂಧಿಸಿದ ಇನ್ನೊಂದು ಸ್ವಿಚ್ಚನ್ನು ಗುರುತಿಸಿತು.

ಇಷ್ಟು ಓದಿದ ಮೇಲೆ ನನಗೆ ಅನಿಸಿದ್ದು ಇದು. ಸೊಸೆಯ ಕೈಯಲ್ಲಿದ್ದ ಕತ್ತಿಯನ್ನು ನೋಡುವವರು, ಎರಡೂ ಮನೆತನಗಳಲ್ಲಿ ಹಿಂದೆ ಯಾರಿಗಾದರೂ ಹೀಗಿತ್ತೇ ಎಂದು ಕೇಳುವುದಿಲ್ಲ. ಹಾಗೆಂದು ಇನ್ನು ಗಂಡನನ್ನು ದೂರಬೇಕೆಂದೂ ಅಲ್ಲ. ಜೀನುಗಳನ್ನು ಯಾರೂ ಆರಿಸಿ ಕೊಡುವುದಿಲ್ಲ, ಆರಿಸಿ ಪಡೆಯುವುದೂ ಇಲ್ಲ. ಗರ್ಭಗಳಲ್ಲಿ ತಾನಿಚ್ಛಿಸಿದಂತೆ ರೂಪ ಕೊಡುವವನು ಅಲ್ಲಾಹನು ಎಂಬುದು ನಮ್ಮ ವಿಶ್ವಾಸ. ಆ ವಿಶ್ವಾಸವಿರುವವರು ಸೊಸೆಯ ಮೆಟ್ಟುಕತ್ತಿಗೆ ಆ ಶಕ್ತಿಯನ್ನು ಹೇಗೆ ಕೊಡುತ್ತಾರೆ?

ಇಬ್ರಾಹೀಮರು ಮರಣಿಸಿದ ದಿನ

ಗ್ರಹಣದ ವಿಷಯದಲ್ಲಿ ಮುಸ್ಲಿಮರಾದ ನಮಗೆ ಪ್ರಯೋಗಾಲಯದ ತನಕ ಹೋಗುವ ಅಗತ್ಯವೇ ಇರಲಿಲ್ಲ. ಹಿಜರಿ ಹತ್ತನೆಯ ವರ್ಷ. ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ಮದೀನಾದಲ್ಲಿ ಮರಣ ಹೊಂದಿದರು. ಇನ್ನೂ ಎರಡು ವರ್ಷ ತುಂಬದ ಹಸುಳೆ. ಪ್ರವಾದಿವರ್ಯರ(ಸ) ಕಣ್ಣುಗಳು ತುಂಬಿ ಬಂದವು. ಅದೇ ದಿನ ಸೂರ್ಯನಿಗೆ ಗ್ರಹಣ ಹಿಡಿಯಿತು. ಪ್ರವಾದಿಯ ಮಗನ ಸಾವಿಗಾಗಿಯೇ ಸೂರ್ಯ ಕಪ್ಪಾದನೆಂದು ಜನರು ಮಾತನಾಡಿಕೊಂಡರು. ಸುಳ್ಳು ಪ್ರವಾದಿಯಾಗಿದ್ದರೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕಿತ್ತೇ? ಆದರೆ ಪ್ರವಾದಿವರ್ಯರು(ಸ) ಆ ದುಃಖದಲ್ಲೂ ಜನರನ್ನು ತಿದ್ದಿದರು. ಸೂರ್ಯ ಚಂದ್ರರು ಅಲ್ಲಾಹನ ಎರಡು ದೃಷ್ಟಾಂತಗಳು, ಯಾರದೇ ಸಾವಿಗಾಗಲಿ ಬದುಕಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ, ಅದನ್ನು ಕಂಡಾಗ ನಮಾಝ್ ಮಾಡಿರಿ, ಪ್ರಾರ್ಥಿಸಿರಿ ಎಂದು ಕಲಿಸಿದರು. ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಹದೀಸ್ ಇದೆ.

ಪ್ರವಾದಿಯ(ಸ) ಮಗನ ಸಾವಿಗೇ ಸಂಬಂಧವಿಲ್ಲದ ಗ್ರಹಣ ನಮ್ಮ ನಿಮ್ಮ ಮನೆಯ ಮಗುವಿನ ತುಟಿಗೆ ಹೇಗೆ ಸಂಬಂಧಪಡುತ್ತದೆ? ಮದ್ರಸದಲ್ಲಿ ಈ ಹದೀಸನ್ನು ಕಂಠಪಾಠ ಮಾಡಿದ ನಾವೇ ಗರ್ಭಿಣಿ ಸೊಸೆಯನ್ನು ಕೋಣೆಯೊಳಗೆ ಕೂಡಿಹಾಕುವುದು ಎಂತಹ ವಿಪರ್ಯಾಸ!

ನಾವು ಮಾಡಬೇಕಾದುದೇನು?

ತಾಯಿಯದ್ದು ತಪ್ಪಲ್ಲ ಎಂದರೆ ಎಚ್ಚರಿಕೆ ಬೇಡವೆಂದಲ್ಲ. ಆ ಮೊದಲ ವಾರಗಳು ಅಷ್ಟು ಮುಖ್ಯವಾದ್ದರಿಂದ ಎಚ್ಚರಿಕೆ ಗರ್ಭ ನಿಲ್ಲುವ ಮೊದಲೇ ಆರಂಭವಾಗಬೇಕು. ಫೋಲಿಕ್ ಆಸಿಡ್ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಮೊದಲೇ ತೆಗೆದುಕೊಳ್ಳತೊಡಗಿದರೆ ಮಗುವಿನ ಮೆದುಳು, ಬೆನ್ನುಹುರಿಯ ಗಂಭೀರ ದೋಷಗಳನ್ನು ಬಹಳಷ್ಟು ತಡೆಯಬಹುದು. ಹೊಗೆಸೊಪ್ಪು, ಬೀಡಿ, ಸಿಗರೇಟು ಬೇಡ. ಗಂಡ ಸೇದುವ ಹೊಗೆಯೂ ಮನೆಯೊಳಗೆ ಬೇಡ. ಸಕ್ಕರೆ ಕಾಯಿಲೆಯಿದ್ದರೆ ಹತೋಟಿಯಲ್ಲಿಡಬೇಕು. ಅಪಸ್ಮಾರದ ಕೆಲವು ಔಷಧಿಗಳು ಸೀಳು ತುಟಿಯ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಆದರೆ ಅವನ್ನು ಸ್ವತಃ ನಿಲ್ಲಿಸಬಾರದು, ಮಗು ಬೇಕೆಂದು ಯೋಚಿಸುವಾಗಲೇ ವೈದ್ಯರಿಗೆ ತಿಳಿಸಬೇಕು. ಕುಟುಂಬದಲ್ಲಿ ಹಿಂದೆ ಯಾರಿಗಾದರೂ ಸೀಳು ಇದ್ದರೆ, ವಿಶೇಷವಾಗಿ ರಕ್ತಸಂಬಂಧದೊಳಗೆ ಮದುವೆಯಾಗಿದ್ದರೆ, ಅದನ್ನೂ ಮುಚ್ಚಿಡದೆ ಹೇಳಬೇಕು.

ಸೀಳು ತುಟಿಯ ಮಗು ಹುಟ್ಟಿದರೆ ಗಾಬರಿ ಬೇಡ. ಸಾಮಾನ್ಯವಾಗಿ ತುಟಿಯ ಶಸ್ತ್ರಚಿಕಿತ್ಸೆಯನ್ನು ಮೂರರಿಂದ ಆರು ತಿಂಗಳ ನಡುವೆ, ಅಂಗುಳದ್ದನ್ನು ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಮಾಡುತ್ತಾರೆ. ಅಂಗುಳ ಸೀಳಿದ್ದರೆ ಮಗುವಿಗೆ ಹಾಲು ಚೀಪಲು ಕಷ್ಟ. ಮಲಗಿಸಿ ಕುಡಿಸದೆ, ಎತ್ತಿ ಹಿಡಿದು ಕುಡಿಸುವ ಕ್ರಮವನ್ನು ಆಸ್ಪತ್ರೆಯಲ್ಲೇ ಕೇಳಿ ಕಲಿಯಿರಿ. ಮುಂದೆ ಮಾತಿನ ತರಬೇತಿ ಬೇಕಾಗಬಹುದು. 2013ರಲ್ಲಿ ಆರಂಭವಾದ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳು ತುಟಿ ಮತ್ತು ಅಂಗುಳಗಳ ಚಿಕಿತ್ಸೆಯೂ ಸೇರಿದೆ. ನಿಮ್ಮ ಆಶಾ ಕಾರ್ಯಕರ್ತೆ, ಅಂಗನವಾಡಿ ಅಥವಾ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನು ನಮ್ಮ ನಾಲಗೆಯ ವಿಷಯ. ಅಲ್‌ಹುಜುರಾತ್ ಅಧ್ಯಾಯವು ಪರಸ್ಪರ ಗೇಲಿ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆದಿದೆ. ಅಲ್ಲಿ ಸ್ತ್ರೀಯರನ್ನು ಪ್ರತ್ಯೇಕವಾಗಿ ಹೆಸರಿಸಿ ಎಚ್ಚರಿಸಲಾಗಿದೆ ಎಂಬುದನ್ನು ನಾವು ಮರೆಯಬಾರದು. ಮದುವೆ ಮನೆಯಲ್ಲಿ ಒಂದು ಮಗುವಿನ ಗಲ್ಲ ಎತ್ತಿ ನೋಡುವ ಕೈ ನಮ್ಮದಾಗದಿರಲಿ. ವೈದ್ಯರು ಹೊಲಿದ ಗಾಯ ಮಾಯುತ್ತದೆ. "ಗ್ರಹಣದ್ದಾ?" ಎಂಬ ಮಾತಿನ ಗಾಯ ಐದು ವರ್ಷವಾದರೂ ಮಾಯುವುದಿಲ್ಲ.

2025ರ ಸೆಪ್ಟೆಂಬರ್ 7ರ ರಾತ್ರಿ ಪೂರ್ಣ ಚಂದ್ರಗ್ರಹಣವಿತ್ತು. ಮರುದಿನ ಮಧ್ಯಾಹ್ನ ಆ ತಾಯಿಯ ಫೋನ್ ಬಂತು. ಆಗ ಅವಳಿಗೆ ಏಳು ತಿಂಗಳು ತುಂಬುತ್ತಿತ್ತು.

"ರಾತ್ರಿ ಗ್ರಹಣ ನಮಾಝ್ ಮಾಡಿದೆ ಟೀಚರ್. ಮಗಳೂ ನಿದ್ದೆ ಬಿಟ್ಟು ಎದ್ದು ನನ್ನ ಪಕ್ಕದಲ್ಲೇ ನಿಂತಿದ್ದಳು. ಅತ್ತೆಗೆ ಆ ಹದೀಸ್ ಹೇಳಿದೆ. ಏನೂ ಮಾತಾಡಲಿಲ್ಲ. ಆಮೇಲೆ ಅವರೂ ವುಝೂ ಮಾಡಿ ಬಂದರು."

"ಹೆದರಿಕೆ ಆಗಲಿಲ್ಲವಾ?"

"ಸ್ವಲ್ಪ ಆಯಿತು," ಎಂದಳು. ಆಮೇಲೆ ನಕ್ಕಳು. "ಇವತ್ತು ಮನೆಗೆ ಬಂಗುಡೆ ತಂದಿದ್ದರು. ನಾನೇ ಕೊಯ್ದೆ."